ಮಾಟುಂಗದ ದವಡೆ ಮೇಡಂ

ಈ ಬರಹದಲ್ಲಿ ನನಗೇ ಆದದ್ದು ಎಷ್ಟು, ಬೇರೆಯವರಿಗೆ ಆದದ್ದನ್ನು ನಾನು ನನ್ನದೆಂದುಕೊಂಡದ್ದು ಎಷ್ಟು ಎಂದು ಖಚಿತವಾಗಿ ಹೇಳಲಾರೆ. ಹೋದ ತಿಂಗಳವರೆಗೆ ನನಗೆ ಈ ಅನುಮಾನ ಇರಲಿಲ್ಲ.

ಹೋದ ತಿಂಗಳು ಮಾಟುಂಗದಲ್ಲಿ, ಕನ್ನಡ ಸಂಘವೊಂದರ ಸಣ್ಣ ಹಾಲಿನಲ್ಲಿ, ಮೇಡಂಗಾಗಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಬಂದವರಲ್ಲಿ ಹೆಚ್ಚಿನವರು ಅವರ ಹಳೆಯ ಪೇಶಂಟುಗಳು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಎದ್ದು ನಿಂತು, ತಮ್ಮ ಕೈಗಡಿಯಾರದ ಗಾಜಿನ ಮೇಲೆ ಮೇಡಂ ಒಂದು ಮೆರೂನ್ ಬಿಂದಿ ಅಂಟಿಸಿದ್ದನ್ನು ಹೇಳಿದರು. ಹಲ್ಲು ಕಚ್ಚುವ ಅಭ್ಯಾಸ ಬಿಡಿಸಲು ಮೇಡಂ ಮಾಡುತ್ತಿದ್ದ ಉಪಾಯ ಅದು. ಬಿಂದಿ ಕಂಡಾಗಲೆಲ್ಲ ಮೇಲಿನ ಹಲ್ಲು ಕೆಳಗಿನ ಹಲ್ಲು ಬೇರೆಯಾಗಬೇಕು. ಬ್ಯಾಂಕಿನವರ ಹೆಂಡತಿ ಗಡಿಯಾರ ನೋಡಿ, “ಇದು ಯಾರ ಹಣೆಯದು?” ಎಂದು ಕೇಳಿದರಂತೆ. ಅಂದು ಊಟ ಬಡಿಸಲಿಲ್ಲವಂತೆ. ಸಭೆ ಹೊಟ್ಟೆ ತುಂಬ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಅದು ನನ್ನ ಕಥೆ. ಗೋರೆಗಾಂವಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ನೆಂಟರ ಮದುವೆಗಳಲ್ಲಿ, ವರ್ಷಗಳಿಂದ ನಾನು ಹೇಳುತ್ತ ಬಂದಿರುವ ಕಥೆ. ಹೆಂಡತಿಯ ಪ್ರಶ್ನೆಯೂ ಅದೇ, ಬಡಿಸದ ಊಟವೂ ಅದೇ.

ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದೆ.

“ನಾನೆಲ್ಲಿ ಜಗಳ ಮಾಡಿದ್ದು?” ಎಂದಳು. “ಆ ಬಿಂದಿ ನನ್ನ ಪ್ಯಾಕೆಟಿಂದಲೇ ತೆಗೊಂಡು ಹೋದದ್ದು ನೀವು. ಮೆರೂನೇ ಬೇಕು ಅಂತ ಹುಡುಕಿ ತೆಗೊಂಡ್ರಿ.”

“ಮತ್ತೆ ಊಟ ಬಡಿಸದೆ ಇದ್ದದ್ದು?”

“ಕಮಾಲ್ ಮಾಡ್ತೀರಿ. ನಿಮಗೆ ಆಗ ಅಗಿಯೋಕೆ ಎಲ್ಲಿ ಆಗ್ತಿತ್ತು? ದಿನಾ ಗಂಜಿ ಮಾಡಿ ಕೊಟ್ಟದ್ದು ಯಾರು?”

ಹಾಗಾದರೆ ಬ್ಯಾಂಕಿನವರ ಕಥೆಯನ್ನು ನಾನು ಎತ್ತಿಕೊಂಡಿದ್ದೆ ಎಂದಾಯಿತು. ಅಥವಾ ನಾವಿಬ್ಬರೂ ಮೂರನೆಯ ಯಾರದನ್ನೋ ಎತ್ತಿಕೊಂಡಿದ್ದೆವು. ಇದು ಹೇಗೆ ಸಾಧ್ಯ ಎಂದು ಕೇಳುವವರಿಗೆ ಮೇಡಂ ಕೆಲಸ ಮಾಡುತ್ತಿದ್ದ ರೀತಿ ಗೊತ್ತಿಲ್ಲ.

ಅವರು ದವಡೆಯ ಕೀಲು ನೋಯುವವರಿಗೆ ಕೈಚಿಕಿತ್ಸೆ ಮಾಡುತ್ತಿದ್ದರು. ಓದಿದ್ದು ಫಿಸಿಯೋಥೆರಪಿ. ಹುಟ್ಟಿದ್ದು ವಿಜಯಪುರದ ಕಡೆ. ಒಂದು ಮುನ್ಸಿಪಲ್ ಆಸ್ಪತ್ರೆಯಲ್ಲಿ ಬಹಳ ವರ್ಷ ಸೊಂಟ, ಮೊಣಕಾಲು ನೋಡಿದವರು, ಆಮೇಲೆ ಅದನ್ನು ಬಿಟ್ಟು ಮಾಟುಂಗ ಸ್ಟೇಷನ್ನಿಗೆ ಹತ್ತಿರದ ಒಂದು ಉಡುಪಿ ಹೋಟೆಲಿನ ಮೇಲೆ ಒಂದೇ ಕೋಣೆ ಹಿಡಿದು ದವಡೆಗೆ ಕೂತರು. ಮಾಲೀಶು ಎಂದರೆ ಅವರಿಗೆ ಸಿಟ್ಟು. “ಮಾಲೀಶ್ ಚೌಪಾಟಿ ಬೀಚ್ ಮ್ಯಾಲ ಮಾಡ್ತಾರ್ರಿ, ಎಣ್ಣಿ ಬಾಟ್ಲಿ ಹಿಡ್ಕೊಂಡು” ಎನ್ನುತ್ತಿದ್ದರು. ಐದು ನಿಮಿಷದ ನಂತರ ಫೋನಿನಲ್ಲಿ ಅವರೇ ಇನ್ನೊಬ್ಬರಿಗೆ, “ನಾಳೆ ಬರ್ರಿ, ಮಾಲೀಶ್ ಮಾಡಿ ಕಳಸ್ತೀನಿ” ಎನ್ನುತ್ತಿದ್ದರು.

ದವಡೆಯನ್ನೇ ಏಕೆ ಆರಿಸಿಕೊಂಡಿರಿ ಎಂದು ಒಮ್ಮೆ ಕೇಳಿದ್ದೆ.

“ಮೊಣಕಾಲು ನೋವು ಅಂದ್ರ ಲೋಕಲ್‌ನಾಗ ಸೀಟ್ ಬಿಟ್ಟುಕೊಡ್ತಾರ. ದವಡಿ ನೋವು ಅಂದ್ರ ಯಾರು ಕೊಡ್ತಾರ್ರಿ? ಹಲ್ಲಿನ ಡಾಕ್ಟರ್ ಕಿವಿ ಡಾಕ್ಟರ್ ಕಡೆ ಕಳಸ್ತಾರ, ಕಿವಿಯವರು ತಿರಗಿ ಹಲ್ಲಿನವರ ಕಡೆ ಕಳಸ್ತಾರ. ನಡುವ ಈ ಕೀಲು ಒಂದು ಅನಾಥ ಆಗಿ ಕುಂತದ.”

ಮಾತು ನಿಜ. ನಾನೂ ಹಾಗೆಯೇ ಅಲೆದು ಬಂದವನು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಒಂದು ಗುಂಡಿ ಜಾರಿದಂತೆ ಕೈಗೆ ಸಿಗುತ್ತದಲ್ಲ, ಆ ಕೀಲು ನನ್ನ ಎಡಗಡೆ ಮೊದಲು ಟಕ್ ಎನ್ನತೊಡಗಿತು. ಆಮೇಲೆ ನೋವು. ಆಮೇಲೆ ಒಂದು ದಿನ ಬೆಳಿಗ್ಗೆ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಆ ವರ್ಷ ನಾನು ಕಾಲೇಜಿನಲ್ಲಿ ಗಂಟೆಗಿಷ್ಟು ಎಂಬ ಲೆಕ್ಕದ ತಾತ್ಕಾಲಿಕ ಉಪನ್ಯಾಸಕ, ವಿಷಯ ಸಂಖ್ಯಾಶಾಸ್ತ್ರ. ಬಹಳ ಕಾಲದ ನಂತರ ನಮ್ಮ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ತೆರೆದಿತ್ತು. ಇಂಟರ್‌ವ್ಯೂ ಜುಲೈಯಲ್ಲಿ. ಆಯ್ಕೆ ಸಮಿತಿಯ ಎದುರು ನಿಂತು ಒಂದು ಪೂರ್ತಿ ಪಾಠ ಮಾಡಿ ತೋರಿಸಬೇಕು. ನಾನೋ ಎರಡು ವಾಕ್ಯ ಹೇಳುವಷ್ಟರಲ್ಲಿ ಕಿವಿಯಿಂದ ನೆತ್ತಿಯವರೆಗೆ ನೋವು ಹತ್ತಿ ನಿಲ್ಲುತ್ತಿದ್ದೆ. ಆ ಹುದ್ದೆ ತಪ್ಪಿದರೆ ನನ್ನ ವಯಸ್ಸಿಗೆ ಇನ್ನೊಂದು ಸಿಗುವಂತಿರಲಿಲ್ಲ. ಮೇ ತಿಂಗಳು, ಉತ್ತರಪತ್ರಿಕೆ ತಿದ್ದುವ ಕಾಲ. ಕೆಲಸಕ್ಕೆ ಬಾಯಿ ಬೇಡ, ಕೈ ಸಾಕು. ಆ ಬಿಡುವಿನಲ್ಲಿ ಯಾರೋ ಹೇಳಿದ ವಿಳಾಸ ಹಿಡಿದು ಮಾಟುಂಗಕ್ಕೆ ಹೋದೆ.

ಮೊದಲ ದಿನ ಅವರು ನನ್ನನ್ನು ಮುಟ್ಟಲೇ ಇಲ್ಲ. ಎತ್ತರದ ಹೆಂಗಸು, ಬಾಬ್ ಮಾಡಿಸಿದ ನರೆಗೂದಲು, ಹತ್ತಿ ಸೀರೆಯ ಮೇಲೆ ಬಿಳಿ ಕೋಟು, ದೊಡ್ಡ ದನಿ. “ನಡೀರಿ, ಕೆಳಗ ಹೋಗೂಣು” ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಮೂಲೆಯ ಮೇಜಿನಲ್ಲಿ ಎದುರಿಗೆ ಕೂರಿಸಿದರು. ವೇಟರ್ ಬಂದು, “ಡಾಕ್ಟ್ರಮ್ಮ, ಮೇಲಿನ ಪ್ಲೇಟಾ?” ಎಂದ. ಮೇಲಿನ ಪ್ಲೇಟು ಎಂದರೆ ಮೆನುವಿನಲ್ಲಿಲ್ಲದ ಒಂದು ತಿಂಡಿ: ಸಾಂಬಾರಿನಲ್ಲಿ ಮುಳುಗಿಸಿ ಮೆತ್ತಗಾದ ಎರಡು ಇಡ್ಲಿ, ಚಮಚ, ಚಟ್ನಿ ಇಲ್ಲ. ನಾನು ತಿನ್ನುತ್ತಿದ್ದರೆ ಅವರು ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿಸಿ ನನ್ನ ಗಲ್ಲವನ್ನೇ ನೋಡುತ್ತಿದ್ದರು. ಯಾವ ಕಡೆ ಅಗಿಯುತ್ತೇನೆ, ನುಂಗುವಾಗ ಹುಬ್ಬು ಏಳುತ್ತದೆಯೇ, ಬಾಯಿ ತೆರೆಯುವಾಗ ಗದ್ದ ಯಾವ ಕಡೆಗೆ ಸರಿಯುತ್ತದೆ, ಇದೆಲ್ಲ ಅವರಿಗೆ ಅಲ್ಲಿ ಕಾಣಬೇಕಂತೆ. ಮೇಲೆ ಮಂಚದ ಮೇಲೆ ಮಲಗಿಸಿದರೆ ಎಲ್ಲರೂ ಶಾಣ್ಯಾರಾಗಿ ಬಾಯಿ ತೆರೆಯುತ್ತಾರೆ, ಇಡ್ಲಿ ಎದುರಿಗಿಟ್ಟರೆ ಮಾತ್ರ ನಿಜವಾದ ದವಡೆ ಹೊರಗೆ ಬರುತ್ತದೆ ಎಂಬುದು ಅವರ ವಾದ.

ಈ ಪದ್ಧತಿಯಿಂದ ಆದ ಒಂದು ಅನಾಹುತವನ್ನು ಹೋಟೆಲಿನ ಮ್ಯಾನೇಜರೇ ನನಗೆ ಹೇಳಿದ್ದಾರೆ. ಆದ್ದರಿಂದ ಇದನ್ನು ನಂಬುತ್ತೇನೆ. ಮೇಡಂ ಜೊತೆ ಬಂದವರೆಲ್ಲ ಪೇಶಂಟುಗಳು ಎಂಬುದು ವೇಟರುಗಳ ತಿಳಿವಳಿಕೆ. ಒಮ್ಮೆ ವಿಜಯಪುರದಿಂದ ಅವರ ಸೋದರಮಾವ ಬಂದಿದ್ದರು. ಮುಂಬಯಿಯ ಉಡುಪಿ ಹೋಟೆಲಿನ ಗರಿಗರಿ ವಡೆ ತಿನ್ನಬೇಕು ಎಂದು ರೈಲಿನಲ್ಲಿಯೇ ಆಸೆ ಕಟ್ಟಿಕೊಂಡು ಬಂದವರು. ಮೇಡಂ ಅವರನ್ನು ಕೂರಿಸಿ ಕೈ ತೊಳೆಯಲು ಹೋದಾಗ ವೇಟರ್ ಬಂದು ನೆನೆಸಿದ ಇಡ್ಲಿ ಮತ್ತು ಚಮಚ ಇಟ್ಟು ಹೋದ. ಮಾವ ಏನೂ ಹೇಳದೆ ತಿಂದರು. ಮರುದಿನವೂ ಅದೇ. ಮೂರನೆಯ ದಿನ ಪಾಪ ಅವರು ಸೋದರಸೊಸೆಯನ್ನು ಹತ್ತಿರ ಕರೆದು, “ನಿಮ್ಮ ಮುಂಬೈನಾಗ ಮುದುಕರಿಗೆ ವಡಿ ಕೊಡಬಾರದಂತ ಕಾಯಿದೆ ಮಾಡ್ಯಾರೇನವಾ?” ಎಂದು ಕೇಳಿದರಂತೆ.

ಎರಡನೆಯ ದಿನದಿಂದ ಚಿಕಿತ್ಸೆ. ಕಿಟಕಿಗೆ ಪರದೆ, ಒಂದು ಕಿರಿದಾದ ಮಂಚ, ಕೆಳಗಿನಿಂದ ಬರುವ ಫಿಲ್ಟರ್ ಕಾಫಿಯ ವಾಸನೆ. ಮೊದಲು ಬಿಸಿನೀರಿನಲ್ಲಿ ಹಿಂಡಿದ ಟವೆಲನ್ನು ಎರಡೂ ಗಲ್ಲದ ಮೇಲೆ ಇಡುತ್ತಿದ್ದರು. ಅದು ಆರಿದ ಮೇಲೆ ಹಣೆಯ ಎರಡು ಬದಿ, ಕಿವಿಯ ಮುಂದೆ, ದವಡೆಯ ಮೂಲೆ, ಹೀಗೆ ಬೆರಳ ತುದಿಗಳನ್ನು ನಿಧಾನವಾಗಿ ಸುತ್ತಿಸುತ್ತ ಇಳಿಯುತ್ತಿದ್ದರು. ಕೊನೆಗೆ ಕೈಗೆ ಗ್ಲೌಸ್ ಹಾಕಿ ಬಲಗೈ ಹೆಬ್ಬೆರಳನ್ನು ಬಾಯೊಳಗೆ ಗಲ್ಲದ ಒಳಬದಿಗೆ ಇಟ್ಟು, ಉಳಿದ ಬೆರಳುಗಳನ್ನು ಹೊರಗಿಟ್ಟು, ಅಗಿಯುವ ಸ್ನಾಯುವನ್ನು ನಡುವೆ ಹಿಡಿಯುತ್ತಿದ್ದರು. ಹಿಡಿದು, ತಡೆದು, ಬಿಡುವುದು. ನೋವು ಮೊದಲು ಎದ್ದು ನಿಲ್ಲುತ್ತಿತ್ತು, ಆಮೇಲೆ ಕೂರುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಅದನ್ನು ಎಡಗೈಯಿಂದ ಒರೆಸಿ ಮುಂದುವರಿಯುತ್ತಿದ್ದರು.

ಪೇಶಂಟು ಬಾಯಿ ತೆರೆದು, ಅದರೊಳಗೆ ಅವರ ಬೆರಳು ಇಟ್ಟುಕೊಂಡು ಮಲಗಿರುವ ಆ ಹೊತ್ತಿನಲ್ಲಿಯೇ ಅವರಿಗೆ ಮಾತು ಉಕ್ಕಿ ಬರುತ್ತಿತ್ತು. ಪ್ರಶ್ನೆಗಳನ್ನೂ ಆಗಲೇ ಕೇಳುತ್ತಿದ್ದರು.

“ಮಾವನ ಮನಿ ಎಲ್ಲಿ ಬಂತ್ರಿ ಸರ?”

“ಆ… ಆ…”

“ಹಾಂ, ಕಾರ್ಕಳ. ಛಲೋ ಮಂದಿ ಏನ್ರಿ?”

“ಅಅ…”

“ತಿಳೀತು ತಿಳೀತು. ಎಲ್ಲಾರ ಮನ್ಯಾಗೂ ಅದ ಹಣೆಬರ. ಅದಕ್ಕ ನೀವು ಹಲ್ಲು ಕಡೀತೀರಿ.”

ನನ್ನ ಮಾವನ ಮನೆ ಕಾರ್ಕಳವಲ್ಲ, ಸಾಂತಾಕ್ರೂಜ್. ಅವರಿಂದ ನನಗೆ ಏನೂ ತೊಂದರೆ ಇರಲಿಲ್ಲ. ಆದರೆ ಮುಂದಿನ ಪೇಶಂಟಿಗೆ ಮೇಡಂ, ‘ಒಬ್ಬ ಪ್ರೊಫೆಸರ್ ಇದ್ದಾರ, ಕಾರ್ಕಳದ ಮಾವನ ಕಾಟಕ್ಕ ದವಡಿ ಹಿಡಕೊಂಡದ’ ಎಂದು ಹೇಳಿರಲಿಕ್ಕೆ ಸಾಕು. ನನಗೂ ಹಾಗೆಯೇ ಹೆಸರಿಲ್ಲದ ಎಷ್ಟೋ ಜನರ ಕಥೆಗಳನ್ನು ಹೇಳಿದರು: ಫೈಲು ತಿರುವುತ್ತ ಹಲ್ಲು ಕಡಿಯುವ ಗುಮಾಸ್ತ, ಮಗಳ ಮದುವೆ ನಿಶ್ಚಯವಾದ ದಿನವೇ ಬಾಯಿ ತೆರೆದುಕೊಂಡ ತಾಯಿ. ಹೆಸರಿಲ್ಲದ ಕಥೆಯನ್ನು ಬಾಯಿ ಮುಚ್ಚಿ ಅಲ್ಲ, ಬಾಯಿ ತೆರೆದು ಕೇಳಬೇಕು. ಆಗ ಅದು ಒಳಗೆ ಇಳಿದುಬಿಡುತ್ತದೆ. ಗಡಿಯಾರದ ಬಿಂದಿಯ ಕಥೆ ನನ್ನೊಳಗೆ ಬಂದದ್ದು ಹೀಗೆಯೇ ಇರಬೇಕು. ಗಡಿಯಾರದ ಮೇಲೆ ಬಿಂದಿ ಇತ್ತು ಎಂಬುದಂತೂ ನಿಜ. ಹೆಂಡತಿಯೇ ಒಪ್ಪಿದ್ದಾಳೆ.

ಬಿಂದಿಯನ್ನು ಅವರು ಟಿಕಳಿ ಎನ್ನುತ್ತಿದ್ದರು. ನನ್ನ ಗಡಿಯಾರಕ್ಕೆ ಒಂದು, ಫೋನಿನ ಬೆನ್ನಿಗೆ ಒಂದು, ಕನ್ನಡಿಗೆ ಒಂದು. “ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಇಷ್ಟ ನೋಡ್ರಿ ನನ್ನ ಶಾಸ್ತ್ರ” ಎನ್ನುತ್ತಿದ್ದರು. ಸ್ವಲ್ಪ ದಿನದಲ್ಲಿ ವಿಚಿತ್ರವೊಂದು ಆಯಿತು. ಲೋಕಲಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಯಾವ ಹೆಂಗಸಿನ ಹಣೆಯಲ್ಲಿ ಬಿಂದಿ ಕಂಡರೂ ನನ್ನ ದವಡೆ ತಾನಾಗಿ ಸಡಿಲವಾಗುತ್ತಿತ್ತು. ದಾದರಿನ ಸೇತುವೆಯ ಮೇಲೆ ಸಂಜೆ ಎದುರು ಬರುವ ಜನದ ನಡುವೆ ನಡೆದರೆ ನನ್ನ ಮುಖ ಪೂರ್ತಿ ಇಳಿದುಹೋಗುತ್ತಿತ್ತು. ಇದನ್ನು ಹೇಳಿದಾಗ ಮೇಡಂ ಮಂಚದ ಅಂಚು ಹಿಡಿದುಕೊಂಡು ನಕ್ಕರು. ಅವರಿಗೂ ಲೋಕಲಿನಲ್ಲಿ ಸುಮ್ಮನಿರಲು ಆಗುತ್ತಿರಲಿಲ್ಲವಂತೆ. ಒಮ್ಮೆ ಲೇಡೀಸ್ ಡಬ್ಬಿಯಲ್ಲಿ ಸೀಟಿಗಾಗಿ ಇಬ್ಬರು ಜಗಳಕ್ಕೆ ನಿಂತಾಗ ಇವರು ನಡುವೆ ಹೋಗಿ ಒಬ್ಬಳ ಗಲ್ಲ ಮುಟ್ಟಿ, “ಬೆಹೆನ್, ದಾಂತ್ ಅಲಗ್ ರಖೋ”, ಹಲ್ಲು ಬಿಟ್ಟಿರಲಿ ತಂಗಿ, ಎಂದರಂತೆ. ಜಗಳ ತಕ್ಷಣ ನಿಂತಿತು. ಇಬ್ಬರೂ ಒಟ್ಟಾಗಿ ಇವರ ಮೇಲೆ ಬಿದ್ದರು.

ಇಷ್ಟೆಲ್ಲ ಮೆಚ್ಚಿ ಬರೆಯುತ್ತಿದ್ದರೂ ಆಗ ನಾನು ಅವರನ್ನು ನಂಬಿರಲಿಲ್ಲ. ಸಂಖ್ಯಾಶಾಸ್ತ್ರ ಕಲಿಸುವವನಿಗೆ ಗೊತ್ತಿರುವ ಒಂದು ವಿಷಯವೆಂದರೆ, ನೋವು ತೀರಾ ಏರಿದಾಗ ಜನ ಚಿಕಿತ್ಸೆಗೆ ಹೋಗುತ್ತಾರೆ. ತೀರಾ ಏರಿದ್ದು ಹೇಗೂ ಇಳಿಯುತ್ತದೆ. ಇಳಿದದ್ದರ ಕೀರ್ತಿ ಚಿಕಿತ್ಸೆಗೆ ಹೋಗುತ್ತದೆ. ಇದನ್ನು ಅವರಿಗೇ ಹೇಳಿದೆ, ಟವೆಲ್ ಇಡುವ ಮುನ್ನ, ಬಾಯಿ ಇನ್ನೂ ನನ್ನದಾಗಿದ್ದಾಗ.

“ಮೇಡಂ, ಇದಕ್ಕೆಲ್ಲ ಎವಿಡೆನ್ಸ್ ಉಂಟಾ? ಎಷ್ಟೋ ಮಂದಿಗೆ ತನ್ನಿಂದ ತಾನೇ ಗುಣ ಆಗ್ತದೆ ಅಂತ ಓದಿದೆ.”

“ಹೌದ್ರಿ, ಆಗ್ತದ. ಭಾಳ ಮಂದಿಗೆ ಆಗ್ತದ” ಎಂದರು, ಒಂದು ಚೂರೂ ಬೇಸರವಿಲ್ಲದೆ. “ಆ ಮಂದಿ ಯಾರು ಅಂತ ಮೊದಲ ಹೇಳ್ರಿ, ಅವರನ್ನ ಇವತ್ತ ಮನೀಗೆ ಕಳಸ್ತೀನಿ. ನೀವು ಅದರಾಗ ಇದ್ದೀರೇನು?”

“ಅದು ಹೇಳೋಕೆ ಆಗುದಿಲ್ಲ.”

“ಹಂಗಾರ ಬಾಯಿ ತೆರೀರಿ.”

ನಮ್ಮ ವಾದಗಳು ಯಾವಾಗಲೂ ಹೀಗೆ ಮುಗಿಯುತ್ತಿದ್ದವು. ಬಾಯೊಳಗೆ ಬೆರಳಿಟ್ಟವರ ಜೊತೆ ಚರ್ಚೆ ನಡೆಯುವುದಿಲ್ಲ.

ಆದರೆ ನಾನು ಬಿಡಲಿಲ್ಲ. ಒಂದು ದಿನ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಅವರ ಎದುರು ಒಂದು ಪ್ರಯೋಗ ಮುಂದಿಟ್ಟೆ. ನಾನು ಬರುವ ಮೊದಲು ಅವರು ಒಂದು ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ನಿಜವಾಗಿ ಒತ್ತಬೇಕು. ಟೇಲ್ ಬಿದ್ದರೆ ಸುಮ್ಮನೆ ಕೈ ಇಟ್ಟು ಚರ್ಮದ ಮೇಲೆ ಸವರಿ, ಬಾಯೊಳಗೂ ಬೆರಳನ್ನು ಒತ್ತದೆ ಇಟ್ಟಿರಬೇಕು. ಯಾವ ದಿನ ಯಾವುದು ಎಂದು ನನಗೆ ಹೇಳಬಾರದು. ನಾನು ಪ್ರತಿ ದಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡುತ್ತೇನೆ. ಇಂಟರ್‌ವ್ಯೂ ಮುಗಿದ ಮೇಲೆ ಎರಡನ್ನೂ ಹೋಲಿಸೋಣ.

“ಒತ್ತಿದ್ದು, ಒತ್ತದ ಇದ್ದದ್ದು ನಿಮಗ ತಿಳಿಯೂದಿಲ್ಲೇನ್ರಿ?”

“ಮೊದಲಿಂದ ಅಭ್ಯಾಸ ಇಲ್ಲದವನಿಗೆ ತಿಳಿಯೋದು ಕಷ್ಟ. ಗೊತ್ತಾದರೆ ಅದನ್ನೂ ಬರೀತೇನೆ.”

ಈಗ ನೋಡಿದರೆ ಆ ಪ್ರಯೋಗದಲ್ಲಿ ಬಟ್ಟೆಗಿಂತ ತೂತೇ ಹೆಚ್ಚು. ಆಗ ಬಹಳ ಹೆಮ್ಮೆಯಿತ್ತು.

ಮೇಡಂ ಕಾಫಿ ಆರುವವರೆಗೆ ಯೋಚಿಸಿದರು. “ಸುಳ್ಳು ಕೈ ಇಡು ಅಂತೀರಿ” ಎಂದರು.

“ಕೆಲವು ದಿನ ಮಾತ್ರ.”

“ನಿಮ್ಮ ನೌಕರಿ ಪ್ರಶ್ನೆ ಅದ, ಪ್ರೊಫೆಸರ್ರ. ಆ ದಿನ ಬಾಯಿ ತೆರೀಲಿಲ್ಲ ಅಂದ್ರ?”

“ತೆರೆದ್ರೆ ಯಾಕೆ ತೆರೀತು ಅಂತ ಗೊತ್ತಾಗಬೇಕಲ್ಲ ಮೇಡಂ.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಇಡ್ಲಿ ತಿನ್ನುವವರನ್ನು ನೋಡುವ ಅದೇ ನೋಟ. ಆಮೇಲೆ ವೇಟರನ್ನು ಕರೆದು, “ತಮ್ಮಾ, ಒಂದು ರೂಪಾಯಿ ನಾಣ್ಯ ಇದ್ರ ಕೊಡೋ, ಸೈನ್ಸ್‌ಗೆ ಬೇಕಾಗ್ಯದ” ಎಂದರು.

ಆ ವಾರಗಳು ನನಗೆ ಚೆನ್ನಾಗಿ ನೆನಪಿವೆ ಎನ್ನುವ ಧೈರ್ಯ ಈಗಿಲ್ಲ. ಮಳೆ ಶುರುವಾಗಿತ್ತು ಎಂದುಕೊಂಡಿದ್ದೇನೆ. ಮಂಚದ ಮೇಲೆ ಮಲಗಿ, ಇವತ್ತು ನಿಜದ ಕೈಯೋ ಸುಳ್ಳು ಕೈಯೋ ಎಂದು ಊಹಿಸುತ್ತಿದ್ದೆ. ಕೆಲವು ದಿನ ಹಿಡಿತ ಹಗುರ ಎನಿಸುತ್ತಿತ್ತು. ಇದು ಟೇಲ್ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದೆ. ಇನ್ನು ಕೆಲವು ದಿನ ಅವರು ನಡುವೆ ನಿಲ್ಲಿಸಿ, “ಒಂದು ನಿಮಿಷ ತಡೀರಿ” ಎಂದು ಕಿಟಕಿಯ ಕಡೆ ಹೋಗಿ ಬರುತ್ತಿದ್ದರು. ನಾಣ್ಯದ ಗುಟ್ಟು ಮುಖದಲ್ಲಿ ಕಾಣಬಾರದೆಂದು ಹಾಗೆ ಮಾಡುತ್ತಾರೆ ಎಂದುಕೊಂಡೆ. ನೋವಿನ ಅಂಕ ಇಳಿಯುತ್ತ ಬಂತು. ಎರಡು ಬೆರಳು ಒಂದರ ಮೇಲೊಂದು ಇಟ್ಟರೆ ಹಲ್ಲಿನ ನಡುವೆ ಹಿಡಿಯತೊಡಗಿತು. ಅವರು ಮಾತಾಡುವುದನ್ನೂ ಕಲಿಸಿದರು: ನಾಲಿಗೆಯ ತುದಿ ಮೇಲೆ ಅಂಗುಳಕ್ಕೆ ತಾಗಿಸಿ ಬಾಯಿ ನಿಧಾನ ತೆರೆಯುವುದು, ಸಣ್ಣ ಸಣ್ಣ ವಾಕ್ಯ, ಪ್ರತಿ ವಾಕ್ಯದ ನಂತರ ಒಂದು ಉಸಿರು. “ಪಾಠ ಅಂದ್ರ ಲೋಕಲ್ ಹಿಡಿಯೂದಲ್ರಿ. ಒಂದು ವಾಕ್ಯ ತಪ್ಪಿದ್ರ ಹಿಂದ ಇನ್ನೊಂದು ಬರ್ತದ. ಓಡಬ್ಯಾಡ್ರಿ.”

ಇಂಟರ್‌ವ್ಯೂ ದಿನ ಮೊದಲ ವಾಕ್ಯಕ್ಕೇ ಕೀಲು ಟಕ್ ಎಂದಿತು. ನನಗೆ ಮಾತ್ರ ಕೇಳಿಸಿದ್ದು ಸಮಿತಿಯ ಕೊನೆಯ ಕುರ್ಚಿಯವರೆಗೂ ಕೇಳಿಸಿತು ಎನ್ನಿಸಿತು. ಗಡಿಯಾರ ನೋಡಿದೆ. ಹಲ್ಲು ಬಿಟ್ಟೆ. ಒಂದು ಉಸಿರು ತೆಗೆದುಕೊಂಡೆ. ಎರಡನೆಯ ವಾಕ್ಯ ಬಂತು. ಅದರ ಹಿಂದೆ ಮೂರನೆಯದು. ಪಾಠ ಮುಗಿದ ಮೇಲೆ ಸಮಿತಿಯ ಹಿರಿಯರೊಬ್ಬರು, “ನಿಮ್ಮ ಪಾಠದಲ್ಲಿ ಒಳ್ಳೆಯ ಮೌನಗಳಿವೆ. ಈಗಿನವರಿಗೆ ಅದು ಗೊತ್ತಿಲ್ಲ” ಎಂದರು. ಗಡಿಯಾರವನ್ನು ಹತ್ತಾರು ಸಲ ನೋಡಿದ್ದನ್ನು ಅವರು ಸಮಯಪ್ರಜ್ಞೆ ಎಂದುಕೊಂಡಿರಬೇಕು. ಹುದ್ದೆ ನನಗೆ ಸಿಕ್ಕಿತು.

ಆದೇಶ ಕೈಗೆ ಬಂದ ದಿನ ಸಂಭ್ರಮದಲ್ಲಿ ದಾದರಿನಲ್ಲಿ ಇಳಿದು ಒಂದು ಡಬ್ಬಿ ಸಿಹಿ ತೆಗೆದುಕೊಂಡು ಮಾಟುಂಗಕ್ಕೆ ಹೋದೆ. ಮೇಡಂ ಡಬ್ಬಿ ತೆರೆದು ನೋಡಿ ನನ್ನನ್ನು ನೋಡಿದರು.

“ಶೇಂಗಾ ಚಿಕ್ಕಿ ತಂದೀರಿ?”

“ಒಳ್ಳೇದು ಮೇಡಂ, ಲೋನಾವಳದ್ದು.”

“ಎಂಥಾ ಶಾಣ್ಯಾರ್ರಿ ನೀವು! ಕಲ್ಲು ಕಡದಂಗ ಇರ್ತದ. ದವಡಿ ಡಾಕ್ಟರ್ ಮನೀಗೆ ದವಡಿ ಪೇಶಂಟ್ ಚಿಕ್ಕಿ ತರ್ತಾನ. ಕೆಳಗ ಕೊಡ್ರಿ, ಹೋಟೆಲ್ ಹುಡುಗ್ರಿಗೆ. ನೀವು ಒಂದು ತುಂಡಾದ್ರೂ ಬಾಯಾಗ ಹಾಕಿದ್ರ ನನ್ನ ಕಡೆ ತಿರಗಿ ಬರಬ್ಯಾಡ್ರಿ.”

ನಗು ಮುಗಿದ ಮೇಲೆ ನಾನು ನನ್ನ ಅಂಕಗಳ ಹಾಳೆ ಹೊರತೆಗೆದೆ. ಸುಳ್ಳು ಕೈ ಎನಿಸಿದ ದಿನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. “ಈಗ ಹೇಳಿ ಮೇಡಂ. ಯಾವ ದಿನ ಹೆಡ್, ಯಾವ ದಿನ ಟೇಲ್?”

ಮೇಡಂ ಹಾಳೆಯನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಕೋಟಿನ ಜೇಬಿಗೆ ಕೈ ಹಾಕಿ ನಿಂತಿದ್ದರು.

“ಸಿಟ್ಟಾಗಬಾರದು” ಎಂದರು.

“ಮರೆತ್ರಾ?”

“ಮರೀಲಿಲ್ರಿ. ಸುಳ್ಳು ಕೈ ಇಡಲೇ ಇಲ್ಲ.”

“ಒಂದು ದಿನವೂ?”

“ಒಂದು ದಿನಾನೂ. ನಾಣ್ಯ ಚಿಮ್ಮತಿದ್ದೆ, ನೋಡ್ತಿದ್ದೆ, ನೀವು ಬರ್ತಿದ್ರಿ. ಮಲಕೊಂಡು ಬಾಯಿ ತೆರದು ನನ್ನ ಮಾರಿ ನೋಡ್ತಿದ್ರಿ. ಆ ಮಾರಿ ನೋಡಿ ಸುಳ್ಳು ಕೈ ಹೆಂಗ ಇಡೂದು, ನೀವ ಹೇಳ್ರಿ.”

ನನಗೆ ನಿಜವಾಗಿ ಸಿಟ್ಟು ಬಂತು. ಅಷ್ಟು ದಿನದ ಅಂಕಗಳು ಕಸ. “ಮೇಡಂ, ಇದರಿಂದ ಈಗ ಏನೂ ಸಾಬೀತಾಗೋದಿಲ್ಲ” ಎಂದೆ.

“ಬ್ಯಾಡ ಬಿಡ್ರಿ. ನೌಕರಿ ಸಿಕ್ತೋ ಇಲ್ಲೋ?”

“ಸಿಕ್ಕಿತು. ಆದ್ರೆ ಯಾಕೆ ಸಿಕ್ಕಿತು ಅಂತ…”

“ಯಾಕೋ ಸಿಕ್ತು. ಕೆಳಗ ನಡೀರಿ, ಇವತ್ತ ನಿಮಗ ಮೆತ್ತನ ಮಸಾಲಿ ದೋಸಿ.”

ಈ ಸಂಭಾಷಣೆ ಹೀಗೆಯೇ ನಡೆಯಿತೇ? ಹಾಳೆಯ ಮೇಲಿನ ಪೆನ್ಸಿಲ್ ಗುರುತುಗಳು ನನಗೆ ಕಣ್ಣಿಗೆ ಕಟ್ಟಿದಂತಿವೆ. ಮಸಾಲೆ ದೋಸೆ ಬೇರೆ ದಿನದ್ದೂ ಇರಬಹುದು. ಆದರೆ ‘ಸುಳ್ಳು ಕೈ ಇಡಲೇ ಇಲ್ಲ’ ಎಂಬ ಮಾತನ್ನು ನಾನು ಬೇರೆ ಯಾರಿಂದಲೂ ಎತ್ತಿಕೊಂಡಿರಲಾರೆ. ಅಂಥ ಪ್ರಯೋಗ ಮಾಡುವ ಪೇಶಂಟು ಮೇಡಂಗೆ ಇನ್ನೊಬ್ಬ ಇರಲಿಲ್ಲ.

ಆಮೇಲೆ ವರ್ಷಗಳ ಕಾಲ ನೋವು ಮರುಕಳಿಸಿದಾಗ ಹೋಗುತ್ತಿದ್ದೆ, ಮರುಕಳಿಸದಿದ್ದಾಗಲೂ ಕಾಫಿಗೆ ಹೋಗುತ್ತಿದ್ದೆ. ಕ್ರಮೇಣ ಅವರು ತಾವು ಒತ್ತುವುದನ್ನು ಕಡಿಮೆ ಮಾಡಿ, ಪೇಶಂಟುಗಳಿಗೇ ತಮ್ಮ ದವಡೆ ಒತ್ತಿಕೊಳ್ಳಲು ಕಲಿಸತೊಡಗಿದರು. ಕನ್ನಡಿ ಎದುರಿಗಿಟ್ಟು, “ಅಲ್ಲಲ್ಲ, ಅದು ಎಲುಬು. ಇನ್ನೊಂದೀಟು ಕೆಳಗ. ಹಾಂ, ಕಣ್ಣು ಸಣ್ಣ ಆತು ನೋಡ್ರಿ, ಅಲ್ಲೇ!” ಎಂದು ದೂರ ನಿಂತು ಹೇಳುತ್ತಿದ್ದರು. ನಾನು ಇದನ್ನು ಮೆಚ್ಚಿದೆ. ಪೇಶಂಟು ಸ್ವತಂತ್ರನಾಗಬೇಕು ಎಂಬುದು ಹೊಸ ಕಾಲದ ವಿಚಾರ, ಮೇಡಂ ಕೊನೆಗೂ ದಾರಿಗೆ ಬಂದರು ಎಂದುಕೊಂಡೆ. ನನ್ನ ಚಿಕಿತ್ಸೆಗೂ ಮೊದಲಿನಿಂದ ಅವರ ಕೈಕೆಳಗೆ ಕಲಿಯುತ್ತಿದ್ದ ಒಬ್ಬ ಹುಡುಗಿ ಬಾಯೊಳಗಿನ ಕೆಲಸವನ್ನೆಲ್ಲ ಮಾಡತೊಡಗಿದಳು. ಮೇಡಂ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಕಥೆ ಹೇಳುತ್ತಿದ್ದರು. ಆ ವಿಭಾಗವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಕೊನೆಗೆ ಕೋಣೆಯನ್ನೂ ಆ ಹುಡುಗಿಗೆ ಒಪ್ಪಿಸಿ ಸಾಂತಾಕ್ರೂಜಿನ ತಮ್ಮ ಫ್ಲ್ಯಾಟಿನಲ್ಲಿ ಉಳಿದುಬಿಟ್ಟರು.

ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲಿಯೇ. ಮೇಲೆ ವಿಮಾನ ಇಳಿಯುವಾಗಲೆಲ್ಲ ಮಾತು ನಿಲ್ಲಿಸಿ, ಅದು ಹೋದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದರು. ಬಲಗೈ ಹೆಬ್ಬೆರಳು ಬುಡದಲ್ಲಿ ಗಂಟುಕಟ್ಟಿ ಒಳಗೆ ಮಡಚಿತ್ತು. ಟೀಪಾಯಿಯ ಮೇಲೆ ಮೋಸಂಬಿ ಇತ್ತು. “ಸುಲೀರಿ ಪ್ರೊಫೆಸರ್ರ, ಇಬ್ಬರೂ ತಿನ್ನೂಣು. ನನ್ನ ಕಡಿಂದ ಆಗೂದಿಲ್ಲ” ಎಂದರು. ನಾನು ಸುಲಿದು ತೊಳೆ ಬಿಡಿಸಿ ಕೊಟ್ಟೆ.

“ಇದು ಯಾವಾಗಿಂದ ಮೇಡಂ?”

“ಭಾಳ ಹಳೇದು. ನಿಮ್ಮ ಆ ಸೈನ್ಸ್ ನಡದಾಗನ ಇತ್ತಲ್ರಿ” ಎಂದು ನಕ್ಕರು. “ಡಾಕ್ಟರ್ ಹೇಳಿದ್ರು, ಹೆಬ್ಬೆರಳಿಗೆ ರಜಾ ಕೊಡ್ರಿ ಅಂತ. ಅವತ್ತ ನಿಮ್ಮ ಮಾತು ಕೇಳಿ ಸುಳ್ಳು ಕೈ ಇಟ್ಟಿದ್ರ ಪಾಪ ಇದಕ್ಕೂ ಈಟು ಆರಾಮ ಸಿಗತಿತ್ತು. ಛಲೋ ಪ್ಲಾನ್ ಇತ್ತು ನಿಮ್ದು.”

ನಾನೂ ನಕ್ಕೆ. ನಂಬಲಿಲ್ಲ. ಕಾರ್ಕಳದ ಮಾವನನ್ನು ನನಗೆ ದಯಪಾಲಿಸಿದವರು ಅವರು. ಒಬ್ಬರ ವರ್ಷವನ್ನು ಇನ್ನೊಬ್ಬರಿಗೆ ಅಂಟಿಸುವುದು ಅವರಿಗೆ ಹೊಸದಲ್ಲ. ಕಥೆ ಚೆನ್ನಾಗಿ ಕೂರುತ್ತದೆ ಎಂದರೆ ಇಸವಿ ಅವರ ಮಾತು ಕೇಳುತ್ತಿತ್ತು.

ಅವರು ಹೋದ ಮೇಲೆ, ಸಭೆಯಲ್ಲಿ ಬಿಂದಿಯ ಕಥೆ ನನ್ನ ಕೈ ತಪ್ಪಿ ಹೋದ ಮೇಲೆ, ಹೆಬ್ಬೆರಳಿನ ಈ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ನೆನಪಿನ ಮೇಲೆ ಬಿಡುವಂತಿರಲಿಲ್ಲ, ಕೇಳಿ ತಿಳಿಯಬೇಕಿತ್ತು. ಮಾಟುಂಗಕ್ಕೆ ಹೋಗಿ, ಈಗ ಆ ಕೋಣೆ ನಡೆಸುವ ಅವರ ಶಿಷ್ಯೆಯನ್ನು ಕಂಡೆ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಅವಳಿಗೆ ತಡೆದು ತಡೆದು ಬರುತ್ತದೆ. ಮೇಡಂಗೆ ಹೆಬ್ಬೆರಳಿನ ನೋವು ಯಾವಾಗ ಶುರುವಾಯಿತು ಎಂದು ಕೇಳಿದೆ. ನನ್ನ ವಿಷಯ ಏನೂ ಹೇಳಲಿಲ್ಲ, ಉತ್ತರ ನನ್ನ ಕಡೆಗೆ ವಾಲಬಾರದೆಂದು.

“ಸರ್, ಅವರ ಫಸ್ಟ್ ಸ್ಪ್ಲಿಂಟ್, ಬೆರಳು ಅಲುಗದ ಹಾಗೆ ಹಾಕೋ ಪಟ್ಟಿ, ನಾನೇ ಮಾಡಿ ಕೊಟ್ಟದ್ದು. ಡಾಕ್ಟರ್ ಬೋಲೇ ಥೇ, ಬಿಲ್ಕುಲ್ ಪ್ರೆಶರ್ ಹಾಕಬಾರದು ಅಂತ. ಮೇಡಂ ಮನೆಯಲ್ಲಿ ಹಾಕ್ತಿದ್ರು, ಇಲ್ಲಿ ಬಂದು ತೆಗೀತಿದ್ರು. ನಾನು ಕಿತ್ನಾ ಜಗಳ ಮಾಡಿದೆ.”

“ಯಾವ ವರ್ಷ, ನೆನಪಿದೆಯಾ?”

“ಪಕ್ಕಾ ನೆನಪುಂಟು. ನನ್ನ ಮದುವೆ ವಾರ. ಕೈಗೆ ಮೆಹಂದಿ ಇತ್ತು, ಅದರಲ್ಲೇ ಸ್ಪ್ಲಿಂಟ್ ಬಗ್ಗಿಸಿದ್ದು. ರುಕಿಯೇ, ಫೋಟೋ ತೋರಿಸ್ತೇನೆ.”

ಫೋನಿನಲ್ಲಿ ಹಿಂದೆ ಹಿಂದೆ ಹೋಗಿ ಒಂದು ಫೋಟೋ ಹುಡುಕಿ ನನ್ನ ಕೈಗೆ ಕೊಟ್ಟಳು. ಮದುವೆ ಊಟದ ಪಂಕ್ತಿ. ಬಾಳೆಲೆಯ ಮುಂದೆ ಮೇಡಂ, ರೇಷ್ಮೆ ಸೀರೆ, ಪಕ್ಕದವರಿಗೆ ಏನೋ ಹೇಳುತ್ತ ಬಾಯಿ ತೆರೆದಿದ್ದಾರೆ. ಬಲಗೈ ಮಡಿಲಲ್ಲಿದೆ, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬಿಳಿಯ ಸ್ಪ್ಲಿಂಟ್. ಎಡಗೈಯಲ್ಲಿ ಚಮಚ.

ಫೋಟೋದ ದಿನಾಂಕ ನೋಡಿದೆ. ಮನೆಗೆ ಬಂದು ನನ್ನ ನೇಮಕದ ಆದೇಶದ ದಿನಾಂಕವನ್ನೂ ನೋಡಿದೆ. ವರ್ಷ ಒಂದೇ. ಮದುವೆ ಆದದ್ದು ಏಪ್ರಿಲ್ ಕೊನೆಯಲ್ಲಿ. ನಾನು ಆ ಮಂಚದ ಮೇಲೆ ಮೊದಲ ಸಲ ಬಾಯಿ ತೆರೆದು ಮಲಗಿದ್ದು ಮೇ ತಿಂಗಳಲ್ಲಿ.